ಪ್ರತಿ: ಟೋಕನ್‌ನಿಂದ ಸರ್ಟಿಫಿಕೇಟ್ ಬರುತ್ತದೆ, ಪ್ರೈವೇಟ್ ಕೀ ಬರುವುದಿಲ್ಲ

ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) ಬಳಸುವ ನಿಮ್ಮ ಪ್ರೋಗ್ರಾಂ ಟೋಕನ್‌ನಿಂದ (ಕೀಗಳನ್ನು ಭದ್ರವಾಗಿ ಇಡುವ ಚಿಕ್ಕ ಸಾಧನ) ಸರ್ಟಿಫಿಕೇಟ್ ಓದುತ್ತದೆ, ಪ್ರೈವೇಟ್ ಕೀ (ಸಹಿಗೆ ಬೇಕಾದ ಗುಟ್ಟಿನ ಕೀ) ಸಿಗುವುದಿಲ್ಲ, ಓದುವ ಲೂಪ್ ಕೂಡ ಮಧ್ಯದಲ್ಲೇ ನಿಲ್ಲುತ್ತದೆ ಎಂದಿದ್ದೀರಿ. ಟೋಕನ್ ಕೆಟ್ಟಿದೆಯಾ, ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಇನ್ನೊಂದು ತರಬೇಕಾ ಎಂದೂ ಕೇಳಿದ್ದೀರಿ. ಬೇಡ ಸರ್, ಸುಮ್ನೆ ದುಡ್ಡು ದಂಡ. ಸರ್ಟಿಫಿಕೇಟ್ ಓದಲು ಆಗುತ್ತಿದೆ ಅಲ್ವಾ? ಹಾಗಾದರೆ ಟೋಕನ್, ಡ್ರೈವರ್ ಎರಡೂ ಮಾತಾಡುತ್ತಿವೆ.

ಪಿಕೆಸಿಎಸ್ 11 (ಟೋಕನ್ ಜೊತೆ ಪ್ರೋಗ್ರಾಂ ಮಾತಾಡುವ ಸ್ಟ್ಯಾಂಡರ್ಡ್) ಟೋಕನ್‌ನಲ್ಲಿ ಸರ್ಟಿಫಿಕೇಟ್ ಸಾಮಾನ್ಯವಾಗಿ ಲಾಗಿನ್ ಇಲ್ಲದೆಯೂ ಕಾಣುತ್ತದೆ. ಪ್ರೈವೇಟ್ ಕೀ ಹಾಗಲ್ಲ. ಪಿನ್ ಕೊಡುವ ತನಕ ಅದು ಪಟ್ಟಿಗೇ ಬರುವುದಿಲ್ಲ. ನಿಮ್ಮ ಕೋಡ್ ನೋಡಿ: ಟೋಕನ್ ತೆರೆಯುವ ಓಎಸ್‌ಎಸ್‌ಎಲ್_ಸ್ಟೋರ್_ಓಪನ್‌ಗೆ ಯುಐ ಮೆಥಡ್ (ಬಳಕೆದಾರರಿಂದ ಪಿನ್ ಕೇಳುವ ವಿಧಾನ) ಕೊಡಬೇಕಾದ ಕಡೆ ನಲ್ (ಖಾಲಿ ಬೆಲೆ) ಹಾಕಿದ್ದೀರಿ. ಇನ್ನು ಪಿನ್ ಕೇಳುವವರು ಯಾರು? ಅಲ್ಲಿ ಓಪನ್‌ಎಸ್‌ಎಸ್‌ಎಲ್‌ನದೇ ಯುಐ ಮೆಥಡ್ ಆದ ಯುಐ_ಓಪನ್‌ಎಸ್‌ಎಸ್‌ಎಲ್ ಕೊಟ್ಟು ನೋಡಿ. ಟೋಕನ್‌ನ ವಿಳಾಸವಾದ ಯುಆರ್‌ಐನಲ್ಲೇ ಪಿನ್-ವ್ಯಾಲ್ಯೂ ಎಂದು ಪಿನ್ ಬರೆದರೂ ನಡೆಯುತ್ತದೆ, ಆದರೆ ಅದು ಲಾಗ್‌ಗೆ ಹೋಗಿ ಕೂರುತ್ತದೆ. ನಾನಂತೂ ಪಿನ್ ಎಲ್ಲಿದೆ ಎಂದಷ್ಟೇ ಹೇಳುವ ಪಿನ್-ಸೋರ್ಸ್ ಬಳಸಿ ಎನ್ನುತ್ತೇನೆ. ತಪ್ಪು ಪಿನ್ ಜಾಸ್ತಿ ಸಲ ಹಾಕಬೇಡಿ, ಟೋಕನ್ ಲಾಕ್ ಆಗುತ್ತದೆ.

ಲೂಪ್ ಮಧ್ಯದಲ್ಲೇ ನಿಲ್ಲುವುದು ಬೇರೆ ತೊಂದರೆ. ಒಂದೊಂದೇ ವಸ್ತು ಓದಿಕೊಡುವ ಓಎಸ್‌ಎಸ್‌ಎಲ್_ಸ್ಟೋರ್_ಲೋಡ್ ನಲ್ ಕೊಟ್ಟ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಒಂದು ವಸ್ತು ಓದಲು ಆಗದಿದ್ದರೂ ನಲ್ ಬರುತ್ತದೆ. ಲೂಪ್ ನಿಲ್ಲಿಸಲು, ನಿಜಕ್ಕೂ ಮುಗಿಯಿತೇ ಎಂದು ಹೇಳುವ ಓಎಸ್‌ಎಸ್‌ಎಲ್_ಸ್ಟೋರ್_ಇಒಎಫ್ ನೋಡಿ. ಕೀ ಮಾತ್ರ ಸಾಕಿದ್ದರೆ ಮೊದಲ ಲೋಡ್‌ಗೆ ಮುಂಚೆಯೇ ಓಎಸ್‌ಎಸ್‌ಎಲ್_ಸ್ಟೋರ್_ಎಕ್ಸ್‌ಪೆಕ್ಟ್ ಕರೆಯಿರಿ.

ಓಪನ್‌ಎಸ್‌ಎಸ್‌ಎಲ್‌ಗೆ ಸೇರಿಸುವ ಹಳೆಯ ಬಗೆಯ ಮಾಡ್ಯೂಲ್ ಆದ ಎಂಜಿನ್ ಬಿಟ್ಟು ಹೊಸ ಬಗೆಯ ಪ್ರೊವೈಡರ್‌ಗೆ ಬಂದದ್ದು ಒಳ್ಳೆಯದೇ. ಓಪನ್‌ಎಸ್‌ಎಸ್‌ಎಲ್ 3.0ರಿಂದ ದಾರಿ ಅದೇ. ಆದರೆ ಪಿಕೆಸಿಎಸ್ 11 ಪ್ರೊವೈಡರ್ ಒಂದನ್ನೇ ನೀವಾಗಿ ಲೋಡ್ ಮಾಡಿದರೆ ಡೀಫಾಲ್ಟ್ ಪ್ರೊವೈಡರ್ ತಾನಾಗಿ ಬರುವುದಿಲ್ಲ. ಅದನ್ನೂ ಲೋಡ್ ಮಾಡಿ, ಇಲ್ಲದಿದ್ದರೆ ಕೀ, ಸರ್ಟಿಫಿಕೇಟ್ ಇಡುವ ಮಾಮೂಲಿ ಪೆಮ್ ಫೈಲ್ ಕೂಡ ತೆರೆಯುವುದಿಲ್ಲ.