ಕಚ್ಚುವ ಹುಡುಗ, ನಿದ್ದೆಗೆಟ್ಟ ಅಕ್ಕೋರು

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಪತ್ರದ ಸಾರ: ಕೇಂದ್ರದ ನಾಲ್ಕು ವರ್ಷದ ಹುಡುಗನ ಅಪ್ಪ, ಅವ್ವ ದೀಪಾವಳಿ ಮುಗಿಸಿ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಅಜ್ಜಿಯ ಹತ್ತಿರ ಉಳಿದ ಹುಡುಗ ಒಂದು ತಿಂಗಳಿಂದ ಬೇರೆ ಮಕ್ಕಳನ್ನು ಕಚ್ಚುತ್ತಿದ್ದಾನೆ. ಕಚ್ಚಿಸಿಕೊಂಡ ಮಗುವಿನ ತಾಯಿ ಬಂದು ಜಗಳ ತೆಗೆದ ದಿನ ಇವರು ಹುಡುಗನಿಗೆ ಹೊಡೆದರು. ಅಂದಿನಿಂದ ಇವರಿಗೆ ನಿದ್ದೆ ಹತ್ತುತ್ತಿಲ್ಲ. ‘ಹುಡುಗನನ್ನು ಯಾರಿಗೆ ತೋರಿಸಲಿ? ನನ್ನ ಕಷ್ಟ ಯಾರಿಗೆ ಹೇಳಲಿ? ಹೇಳಿದರೆ ತಲೆ ಕೆಟ್ಟಿದೆ ಅಂತಾರೆ.’

ಸಂಪಾದಕರ ಉತ್ತರ:

ಅಕ್ಕೋರೇ,

ನೀವು ಕೇಳಿದ್ದು ಎರಡು ಪ್ರಶ್ನೆಯಾದರೂ ಉತ್ತರ ಒಂದೇ ಕಡೆ ಸಿಗುತ್ತದೆ. ದಿನಕ್ಕೆ ಐದಾರು ತಾಸು ಆ ಹುಡುಗನ ಜೊತೆ ಇರುವವರು ನೀವು ಮತ್ತು ನಿಮ್ಮ ಸಹಾಯಕಿ. ತಿಂಗಳಿಗೊಮ್ಮೆ ಅರ್ಧ ತಾಸು ನೋಡುವ ತಜ್ಞರು ಅವನನ್ನು ಬದಲಿಸುವುದಕ್ಕಿಂತ, ಅದೇ ಅರ್ಧ ತಾಸು ನಿಮ್ಮ ಜೊತೆ ಕೂತು ಯೋಚಿಸಿದರೆ ಅವನಿಗೇ ಹೆಚ್ಚು ಲಾಭ. ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವ ಮಾನಸಿಕ ಆರೋಗ್ಯ ಸಮಾಲೋಚನೆ ಎಂದರೆ ಇದು. ನಿಮ್ಮ ಸ್ವಂತ ನೋವಿಗೆ ಪಡೆಯುವ ಆಪ್ತಸಮಾಲೋಚನೆ ಬೇರೆ; ಅದಕ್ಕೆ ಆಮೇಲೆ ಬರುತ್ತೇವೆ.

ಜೆರಾಲ್ಡ್ ಕ್ಯಾಪ್ಲನ್ ಎಂಬ ಮನೋವೈದ್ಯರು 1940ರ ದಶಕದ ಕೊನೆಯಲ್ಲಿ ಇಸ್ರೇಲಿನಲ್ಲಿ ಈ ದಾರಿ ಹಿಡಿದರು. ವಲಸೆ ಬಂದ ಸಾವಿರಾರು ಮಕ್ಕಳು ದೂರದೂರ ಹರಡಿದ್ದ ವಸತಿಗೃಹಗಳಲ್ಲಿದ್ದರು; ತಜ್ಞರು ಬೆರಳೆಣಿಕೆಯಷ್ಟು. ಒಂದೊಂದೇ ಮಗುವನ್ನು ಕರೆಸಿ ನೋಡುವುದು ಮುಗಿಯದ ಮಾತಾದ್ದರಿಂದ ಅವರೇ ಅಲ್ಲಲ್ಲಿಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳುವ ಸಿಬ್ಬಂದಿಯ ಜೊತೆ ಕೂತರು. ನಮ್ಮ ಸೀಮೆಗೂ ಈ ಬಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಕಲಿಸಿ ಊರಲ್ಲೇ ಮಾನಸಿಕ ಆರೈಕೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಹದಿ. ಆರೋಗ್ಯ ಕೇಂದ್ರಕ್ಕೆ ಸಿಕ್ಕ ಆ ಆಸರೆ ಅಂಗನವಾಡಿಗೂ ಸಿಗಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮೊದಲು ಏಳು ದಿನ ಬರೆದಿಡಿ. ಹೊಸ ರಿಜಿಸ್ಟರ್ ಬೇಡ, ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆ ಸಾಕು. ಹೊತ್ತೆಷ್ಟು, ಅದಕ್ಕೆ ಮುಂಚೆ ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು: ನಾಲ್ಕೇ ಅಂಕಣ. ‘ಹಟಮಾರಿ’, ‘ಸಿಟ್ಟಿನವ’ ಎಂದು ಬರೆಯಬೇಡಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಕಚ್ಚದೆ ಕಳೆದ ಹೊತ್ತನ್ನೂ ಗುರುತು ಮಾಡಿ. ಸಾಮಾನ್ಯವಾಗಿ ಕಚ್ಚುವುದು ತಟ್ಟೆ ಹಿಡಿದು ನಿಂತ ನೂಕುನುಗ್ಗಲಲ್ಲಿ, ಹಸಿವಿನ ಹೊತ್ತಲ್ಲಿ, ಬೇರೆ ಮಗುವಿನ ಅವ್ವ ಕರೆದೊಯ್ಯಲು ಬಂದಾಗ. ಏಳು ದಿನದಲ್ಲಿ ಹೊತ್ತು ಗೊತ್ತಾದರೆ ಅರ್ಧ ಕೆಲಸ ಆದಂತೆ. ಆ ಹೊತ್ತಿಗೆ ಹತ್ತು ನಿಮಿಷ ಮುಂಚೆಯೇ ಅವನು ನಿಮ್ಮ ಕೈಗೆಟಕುವಷ್ಟು ಹತ್ತಿರ ಇರಲಿ. ಊಟಕ್ಕೆ ಎರಡು ಪಂಕ್ತಿ ಮಾಡಿ, ತಟ್ಟೆ ಹಂಚುವ ಕೆಲಸ ಅವನಿಗೆ ಕೊಡಿ.

ಅಷ್ಟಾದರೂ ಕಚ್ಚಿದರೆ ಮೊದಲು ಕಚ್ಚಿಸಿಕೊಂಡ ಮಗುವನ್ನು ನೋಡಿ. ಗಾಯವನ್ನು ಸೋಪು, ನೀರಿನಿಂದ ತೊಳೆಯಿರಿ, ಚರ್ಮ ಒಡೆದಿದ್ದರೆ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಇವನಿಗೆ ಒಂದೇ ಮಾತು: ‘ಕಚ್ಚಬಾರದು, ನೋವಾಗತೈತಿ.’ ಮರಳಿ ಕಚ್ಚುವುದು, ಬಾಯಿಗೆ ಖಾರ ಹಚ್ಚುವುದು, ಕೋಣೆಯಲ್ಲಿ ಕೂಡಿ ಹಾಕುವುದು ಬೇಡವೇ ಬೇಡ. ಹೆದರಿದ ಮಗುವಿನ ಹೆದರಿಕೆ ಹೆಚ್ಚಾದರೆ ಕಚ್ಚುವುದೂ ಹೆಚ್ಚುತ್ತದೆ.

ಎರಡು ವರ್ಷದ ಕೂಸು ಕಚ್ಚುವುದು ಸಹಜ. ನಾಲ್ಕು ವರ್ಷದವನು ಕಚ್ಚಿದರೆ ಕಾರಣ ಹುಡುಕಬೇಕು. ಮಾತು ತಡವಾಗಿದೆಯೇ? ಕಿವಿ ಸೋರುತ್ತದೆಯೇ? ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗುತ್ತಾನೆಯೇ? ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಅನುಮಾನವಿದ್ದರೆ ಅದು ಬರುವವರೆಗೆ ಕಾಯಬೇಡಿ.

ಗುಳೆಯ ವಿಷಯದಲ್ಲಿ ಅಜ್ಜಿಗೆ ಒಂದು ಮಾತು ಹೇಳಿ. ಅಳು ನಿಲ್ಲಿಸಲು ‘ಅವ್ವ ನಾಳೆ ಬರ್ತಾಳ’ ಅನ್ನುತ್ತಾರಲ್ಲ, ಅದು ಬೇಡ. ದಿನಾ ಸುಳ್ಳಾಗುವ ನಾಳೆಯಿಂದ ಹುಡುಗ ಯಾರ ಮಾತನ್ನೂ ನಂಬದಂತಾಗುತ್ತಾನೆ. ‘ಉಗಾದಿಗೆ ಬರ್ತಾಳ’ ಎಂದು ನಿಜ ಹೇಳಿ, ವಾರಕ್ಕೊಂದು ಗಂಟಿನಂತೆ ದಾರಕ್ಕೆ ಗಂಟು ಹಾಕಿ ಗೋಡೆಗೆ ತೂಗುಬಿಟ್ಟು, ವಾರ ಕಳೆದಂತೆ ಅವನ ಕೈಯಲ್ಲೇ ಒಂದೊಂದು ಬಿಚ್ಚಿಸಲಿ. ಅವ್ವನ ಫೋನು ದಿನಾ ಒಂದೇ ಹೊತ್ತಿಗೆ ಬರಲಿ, ಎರಡೇ ನಿಮಿಷವಾದರೂ ಸರಿ. ಮಲಗುವಾಗ ಅವಳ ಹಳೆಯ ಸೀರೆ ಹೊದಿಸಲಿ.

ಹೊಡೆದದ್ದು ತಪ್ಪು, ಅದು ನಿಮಗೂ ಗೊತ್ತು. ಅವನ ಎದುರು ಕೂತು ‘ನಾ ಹೊಡೆದದ್ದು ತಪ್ಪಾತು, ಇನ್ನ ಹೊಡೆಯಂಗಿಲ್ಲ’ ಅನ್ನಿ. ಅಜ್ಜಿಗೂ ನೀವೇ ಹೇಳಿ. ಬೇರೆಯವರ ಬಾಯಿಂದ ಹೋದರೆ ಮಾತು ಬೆಳೆಯುತ್ತದೆ. ಸಿಟ್ಟು ನೆತ್ತಿಗೇರಿದಾಗ ಸಹಾಯಕಿಗೆ ಒಪ್ಪಿಸಿ ಎರಡು ನಿಮಿಷ ಹೊರಗೆ ಹೋಗಿ ನೀರು ಕುಡಿದು ಬರುವ ಒಪ್ಪಂದ ಇಬ್ಬರಲ್ಲೂ ಇರಲಿ. ಅದಕ್ಕೊಂದು ಸನ್ನೆ ಮಾಡಿಕೊಳ್ಳಿ, ಮಕ್ಕಳ ಮುಂದೆ ವಿವರಿಸುವ ಪ್ರಸಂಗ ಬರುವುದಿಲ್ಲ.

ಇನ್ನು ನಿಮ್ಮ ನಿದ್ದೆ. ಎರಡು ವಾರ ದಾಟಿಯೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲವಾದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಒಮ್ಮೆ ಸುಳಿದರೂ ಅಂದೇ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ; ನಿಮ್ಮಲ್ಲಿ ಯಾವ ಮಂಗಳವಾರವೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಇನ್ನು ಮೊದಲು ಹೇಳಿದ, ತಜ್ಞರು ನಿಮ್ಮ ಜೊತೆ ಕೂತು ಯೋಚಿಸುವ ಸಮಾಲೋಚನೆ. ಅದನ್ನು ಒಬ್ಬರೇ ಕೇಳಬೇಡಿ, ‘ಆಕೆಗೇನೋ ತೊಂದರೆ’ ಎಂದಾಗುತ್ತದೆ. ಸುತ್ತಲಿನ ಆರೆಂಟು ಕೇಂದ್ರದವರು ಸಹಿ ಮಾಡಿ, ಮೇಲ್ವಿಚಾರಕಿಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನಃಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಹದಿನೈದು ದಿನಕ್ಕೊಮ್ಮೆ ಒಂದೂವರೆ ತಾಸು ಬರಲಿ, ಕನಿಷ್ಠ ಆರು ತಿಂಗಳು ಅದೇ ವ್ಯಕ್ತಿ ಬರಲಿ ಎಂದು ಬಿಡಿಸಿ ಬರೆಯಿರಿ. ಹಾಗೆ ಬರೆಯದಿದ್ದರೆ ಸಭಾಂಗಣದಲ್ಲಿ ಒಂದು ದಿನದ ಉಪನ್ಯಾಸ ಏರ್ಪಡಿಸಿ ಮುಗಿಸುತ್ತಾರೆ. ಮಾಸಿಕ ಸಭೆಗೂ ಇದನ್ನು ಸೇರಿಸಬೇಡಿ. ಅಲ್ಲಿ ಅಂಗನವಾಡಿ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನ ಲೆಕ್ಕ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ.

ಬಂದವರು ಒಮ್ಮೆ ನಿಮ್ಮ ಕೇಂದ್ರದಲ್ಲಿ ಬೆಳಿಗ್ಗೆ ಮಕ್ಕಳು ಬರುವ ಹೊತ್ತಿನಿಂದ ಎರಡು ತಾಸು, ಇನ್ನೊಂದು ದಿನ ಊಟದ ಹೊತ್ತಿಗೆ ಮೂಲೆಯಲ್ಲಿ ಸುಮ್ಮನೆ ನೆಲದ ಮೇಲೆ ಕೂತು ನೋಡಲಿ. ಕೈಯಲ್ಲಿ ಫೈಲು ಹಿಡಿದು ಬಂದರೆ ನೀವು ತಪಾಸಣೆಗೆ ಅಣಿಯಾಗುತ್ತೀರಿ, ಅವರಿಗೆ ನಿಜವಾದ ದಿನ ಕಾಣುವುದಿಲ್ಲ. ಈ ಏರ್ಪಾಡು ಹೆಚ್ಚಾಗಿ ಕೆಡುವುದು ಇಲ್ಲೇ: ಆಡಿದ ಮಾತು ಮೇಲಧಿಕಾರಿಗೆ ಹೋಯಿತೆಂದರೆ ಮುಂದಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಮೊದಲ ದಿನವೇ ಮೇಲ್ವಿಚಾರಕಿಯ ಎದುರು ಮಾತಾಗಲಿ: ಏನು ಒಳಗೇ ಉಳಿಯುತ್ತದೆ, ಏನು ಉಳಿಯುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಗುಟ್ಟು ಸಲ್ಲದು, 2012ರ ಪೋಕ್ಸೊ ಕಾಯ್ದೆಯಡಿ ದೂರು ಕೊಡಲೇಬೇಕು. ಮಕ್ಕಳ ಸಹಾಯವಾಣಿ 1098.

ಸಭೆಗೆ ಸಹಾಯಕಿಯನ್ನೂ ಕರೆದೊಯ್ಯಿರಿ. ಆ ಹುಡುಗನ ಮುಖ ತೊಳೆಯುವವಳು, ತುತ್ತು ಇಡುವವಳು, ಅಜ್ಜಿಯ ಓಣಿಯಲ್ಲೇ ಇರುವವಳು ಅವಳು. ಏಳು ದಿನದ ಹಾಳೆಯಲ್ಲಿ ನಿಮಗೆ ಕಾಣದ್ದು ಅವಳಿಗೆ ಕಂಡಿರುತ್ತದೆ.