ಸ್ವೆಟರ್ ಸೀಳಿ ಕಾರ್ಡಿಗನ್: ಮೊದಲು ಎಳೆ ಸುಟ್ಟು ನೋಡಿ

ಮೇಡಂ, ಎರಡು ಬಣ್ಣದ ಕೈಹೆಣಿಗೆ ಸ್ವೆಟರನ್ನು ಮುಂದೆ ಸೀಳಿ ಗುಂಡಿ ಇಡಬಹುದಾ, ಎಳೆ ಬಿಚ್ಚಿಕೊಳ್ಳಲ್ವಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಇಡಿ. ಮೈಸೂರಿನ ಚಳಿಗೆ ಕಾರ್ಡಿಗನ್ನೇ ಸರಿ, ಹತ್ತು ಗಂಟೆಗೆ ಬಿಸಿಲು ಚುರುಕಾದರೆ ಬಿಚ್ಚೋದು ಸುಲಭ.

ಉಳಿದ ನೂಲಿದ್ದರೆ ಒಂದು ತುಂಡು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ; ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್‌ನಂಥ ಕೃತಕ ನೂಲು. ಸ್ಕಾಟ್ಲೆಂಡಿನ ಶೆಟ್ಲೆಂಡ್ ಉಣ್ಣೆ ಥರದ ಒರಟು ಉಣ್ಣೆಯ ಎಳೆಗಳು ಒಂದಕ್ಕೊಂದು ತಾನೇ ಅಂಟಿಕೊಳ್ಳುತ್ತವೆ, ಕ್ರೋಶಾ ಅಂಚು ಸಾಕು. ಅಕ್ರಿಲಿಕ್ ಜಾರುತ್ತೆ, ಮೆಷಿನ್ ಹೊಲಿಗೆಯೇ ಬೇಕು.

ಮುಂಭಾಗದ ನಟ್ಟನಡುವೆ ಮೇಲಿಂದ ಕೆಳಗೆ ಇಳಿಯುವ ಕುಣಿಕೆಸಾಲನ್ನು ಬೇರೆ ಬಣ್ಣದ ದಾರದಿಂದ ಗುರುತಿಸಿ. ಅದರ ಎರಡೂ ಪಕ್ಕದ ಸಾಲಿನ ಮೇಲೆ 2 ಮಿ.ಮೀ. ಉದ್ದದ ಮೆಷಿನ್ ಹೊಲಿಗೆ, ಎರಡೆರಡು ಸಲ. ಅಡಿಗೆ ತೆಳು ಕಾಗದ ಇಡಿ, ಇಲ್ಲದಿದ್ದರೆ ಹೆಣಿಗೆ ಹಿಗ್ಗಿ ಅಂಚು ಅಲೆಅಲೆಯಾಗುತ್ತೆ. ಟೈಲರ್ ಓವರ್‌ಲಾಕ್ ಹೊಡೆದುಕೊಡ್ತೀನಿ ಅಂದರೆ ಬೇಡ ಅನ್ನಿ: ಅದು ಹೊಲಿಯುತ್ತಲೇ ಕತ್ತರಿಸುತ್ತೆ, ಓರೆಯಾದರೆ ಮುಗೀತು.

ಬೆನ್ನಿನ ಭಾಗ ಕತ್ತರಿಗೆ ಸಿಗದಂತೆ ಒಳಗೆ ರಟ್ಟು ತೂರಿಸಿ. ನಡುಸಾಲನ್ನು ಅಗಲಿಸಿದರೆ ಏಣಿಮೆಟ್ಟಿಲಿನಂತೆ ಅಡ್ಡ ಎಳೆ ಕಾಣುತ್ತೆ. ಹಿಂದೆ ಹಾದುಹೋದ ಇನ್ನೊಂದು ಬಣ್ಣದ ಎಳೆಯನ್ನೂ ಸೇರಿಸಿ ನಿಧಾನಕ್ಕೆ ಕತ್ತರಿಸಿ.

ಗುಂಡಿಪಟ್ಟಿಗೆ, ಹೊಲಿಗೆಯ ಆಚೆಯ ಉದ್ದಸಾಲಿನಿಂದ, ಪ್ರತಿ 4 ಅಡ್ಡಸಾಲಿಗೆ 3 ಕುಣಿಕೆ ಎತ್ತಿ. ಅಂಚು ಮೇಲಕ್ಕೆ ಎಳೆದರೆ 5ಕ್ಕೆ 4 ಮಾಡಿ. ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ, ಮೇಲೆ ರಿಬ್ಬನ್ ಇಟ್ಟು ಕೈಹೊಲಿಗೆ ಹಾಕಿ. ರಿಬ್ಬನ್ ಮೊದಲೇ ಒಗೆದಿರಲಿ.