ಎರಡೆರಡು ಮಷೀನ್ ಯಾಕೆ ಹೊರಬೇಕು?

ಗುಬ್ಬಿಯ ಓದುಗ ಮಿತ್ರರೇ, ಪೆಟ್ರೋಲ್ ಇಂಜಿನ್ನೂ ಕರೆಂಟ್ ಮೋಟರೂ ಎರಡೂ ಇರೋ ಹೈಬ್ರಿಡ್ ವಿಮಾನದ ಲೇಖನ ಓದಿ ನೀವು ಬರೆದಿರೋ ಕಾಗದ ಸಿಕ್ತು. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ, ನಮ್ಮ ಬಿದರೆಹಳ್ಳ ಕಾವಲಲ್ಲೇ ಎಚ್‌ಎಎಲ್‌ನೋರು ಹೆಲಿಕಾಪ್ಟರ್ ಫ್ಯಾಕ್ಟರಿ ಮಾಡಿದ್ದಾರೆ, ಹಂಗಿದ್ಮೇಲೆ ಒಂದು ಪುಟ್ಟ ವಿಮಾನನ ಬರೀ ಬ್ಯಾಟ್ರಿಲಿ ಹಾರಿಸೋಕಾಗಲ್ವಾ, ಇಂಜಿನ್ನೂ ಮೋಟರೂ ಎರಡೂ ಯಾಕೆ ಅಂತ ಕೇಳಿದ್ದೀರ.

ಹಾರಿಸಬಹುದು ಸ್ವಾಮಿ, ಹಾರಿಸಿದ್ದಾರೆ ಕೂಡ. ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ಎರಡು ಸೀಟಿನ ವೆಲಿಸ್ ಎಲೆಕ್ಟ್ರೋಗೆ 2020ರಲ್ಲೇ ಯುರೋಪಿನ ಸರ್ಟಿಫಿಕೇಟ್ ಸಿಕ್ಕಿದೆ, ಆದ್ರೆ ಅದು ಹಾರೋದು ಹೆಚ್ಚುಕಮ್ಮಿ 50 ನಿಮಿಷ. ಕಲಿಯೋ ಹುಡುಗ್ರು ರನ್‌ವೇ ಸುತ್ತ ರೌಂಡ್ ಹೊಡೆಯೋಕೆ ಸಾಕು, ಊರಿಂದೂರಿಗೆ ಹೋಗೋಕಲ್ಲ.

ಕರೆಂಟಿಗೇನು ಬರ ಇಲ್ಲ, ತೊಂದ್ರೆ ಇರೋದು ತೂಕದ್ದು. 1 ಕೆಜಿ ಪೆಟ್ರೋಲಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತೆ, ಒಳ್ಳೆ ಲಿಥಿಯಂ ಸೆಲ್ 1 ಕೆಜಿ ತಗೊಂಡ್ರೆ ಕಾಲು ಯೂನಿಟ್. ಇಂಜಿನ್ನು ಮುಕ್ಕಾಲು ಭಾಗ ಬಿಸಿ ಮಾಡಿ ಕಳೀತು ಅಂತಾನೇ ಇಟ್ಕೊಳ್ಳಿ, ಆಗ್ಲೂ ಪೆಟ್ರೋಲ್ ಹತ್ತು ಪಟ್ಟು ಮುಂದೆ. ಅದಲ್ದೆ ಬುತ್ತಿ ತಿಂದಂಗೆಲ್ಲ ಗಂಟು ಹಗುರ ಆಗುತ್ತಲ್ಲ, ಪೆಟ್ರೋಲೂ ಹಂಗೇನೇ, ಬ್ಯಾಟ್ರಿ ಮಾತ್ರ ಖಾಲಿ ಆದ್ರೂ ಇಳಿಯೋ ತನಕ ಅಷ್ಟೇ ಭಾರ.

ಈಗ ಹೈಬ್ರಿಡ್ಡಿಗೆ ಬರೋಣ. ಫುಲ್ ಪವರ್ ಬೇಕಾಗೋದು ಮೇಲಕ್ಕೆ ಏರೋ ಕೆಲವು ನಿಮಿಷ ಮಾತ್ರ, ಆಮೇಲೆ ನೆಟ್ಟಗೆ ಹೋಗೋಕೆ ಅಷ್ಟು ಬೇಡ. ಅದಕ್ಕೇ 2011ರಲ್ಲಿ ಆಸ್ಟ್ರಿಯಾದ ಡೈಮಂಡ್ ಕಂಪನಿ ಸೀಮೆನ್ಸ್ ಜೊತೆ ಸೇರಿ ಹಾರಿಸಿದ ಡಿಎ36 ಇ-ಸ್ಟಾರಲ್ಲಿ ಪ್ರೊಪೆಲರ್ ತಿರುಗಿಸೋ ಮೋಟರು 70 ಕಿಲೋವ್ಯಾಟ್, ಕರೆಂಟ್ ಹುಟ್ಟಿಸೋ ಇಂಜಿನ್ನು 30 ಕಿಲೋವ್ಯಾಟ್ ಅಷ್ಟೇ. ಏರೋವಾಗ ಬೀಳೋ ಕೊರತೆನ ಬ್ಯಾಟ್ರಿ ತುಂಬುತ್ತೆ. ಇದು ಸೀರೀಸ್ ಹೈಬ್ರಿಡ್. ಕೇಂಬ್ರಿಡ್ಜ್ ಯೂನಿವರ್ಸಿಟಿಯೋರು 2014ರಲ್ಲಿ ಬೋಯಿಂಗ್ ನೆರವಲ್ಲಿ ಹಾರಿಸಿದ ಒಂಟಿ ಸೀಟಿನದ್ದು ಪ್ಯಾರಲಲ್: ಹೋಂಡಾ ಇಂಜಿನ್ನೂ ಮೋಟರೂ ಸೇರಿ ಒಂದೇ ಪ್ರೊಪೆಲರ್ ತಿರುಗಿಸ್ತವೆ, ಹಾರ್ತಾ ಹಾರ್ತಾನೇ ಬ್ಯಾಟ್ರಿ ಚಾರ್ಜೂ ಆಗುತ್ತೆ.

ನನ್ನ ಓಟು ಪ್ಯಾರಲಲ್‌ಗೆ. ಸೀರೀಸಲ್ಲಿ ಇಂಜಿನ್, ಜನರೇಟರ್, ಮೋಟರ್, ಬ್ಯಾಟ್ರಿ ನಾಲ್ಕೂ ಹೊರಬೇಕು, ಒಂದೊಂದ್ರಲ್ಲೂ ಚೂರುಚೂರು ಸೋರಿಕೆ ಬೇರೆ. ಹಂಗಂತ ಪ್ಯಾರಲಲ್ ಏನು ಪವಾಡ ಅಲ್ಲ, ದೂರ ಜಾಸ್ತಿ ಆದಂಗೆಲ್ಲ ಅದರ ಲಾಭ ಕರಗ್ತಾ ಹೋಗುತ್ತೆ, ಯಾಕಂದ್ರೆ ನೆಟ್ಟಗೆ ಹೋಗೋವಾಗ ಹೆಚ್ಚಿನ ಕೆಲಸ ಇಂಜಿನ್ನಿಂದೇ, ಬ್ಯಾಟ್ರಿ ಸುಮ್ನೆ ಕೂತ ಪ್ಯಾಸೆಂಜರ್ರು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ, ನಮ್ಮ ಎನ್‌ಎಎಲ್‌ನೋರ ಎರಡು ಸೀಟಿನ ಹನ್ಸಾ-ಎನ್‌ಜಿ ವಿಮಾನದಲ್ಲಿರೋ ರೋಟಾಕ್ಸ್ ತರದ ಇಂಜಿನ್ನು ಮೊದ್ಲೇ ಕಮ್ಮಿ ಕುಡಿಯೋದು, ಅದಕ್ಕಿಂತ ಉಳಿಸ್ತೀನಿ ಅಂದ್ರೆ ಸುಲಭ ಇಲ್ಲ.

ಆದ್ರೂ ಪೆಟ್ರೋಲ್ ಲೆಕ್ಕ ಬಿಟ್ಟು ಒಂದು ಮಾತು ನೀವು ಗಮನಿಸ್ಬೇಕು, ಇದನ್ನ ಯಾರೂ ಜಾಸ್ತಿ ಹೇಳಲ್ಲ. ಒಂಟಿ ಇಂಜಿನ್ ವಿಮಾನದಲ್ಲಿ ಮೇಲೇರಿದ ಕೂಡ್ಲೇ ಇಂಜಿನ್ ನಿಂತ್ರೆ ಪೈಲಟ್ ಎದುರಿಗೆ ಸಿಕ್ಕ ಹೊಲದಲ್ಲೇ ಇಳಿಸ್ಬೇಕು, ಅದೇ ಬ್ಯಾಟ್ರಿಲಿ ಒಂದೆರಡು ನಿಮಿಷದ ಶಕ್ತಿ ಮಿಕ್ಕಿದ್ರೂ ತಿರುಗಿಸ್ಕೊಂಡು ರನ್‌ವೇಗೇ ವಾಪಸ್ ಬರಬಹುದು. ಆ ಎರಡನೇ ಮಷೀನ್ ಹೊರೋಕೆ ನನಗೆ ಇದೊಂದೇ ಕಾರಣ ಸಾಕು.

– ಸಂಪಾದಕ